ವಂಶದ ಮೇಲೆ ಹೊರಿಸಿದ ಗಡ್ಡೆ

ದವಡೆಯಲ್ಲಿ ಗಡ್ಡೆ ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು ‘ಹಲ್ಲಿನ ಕೀವು, ಕೀಳಿಸಿದರೆ ಇಳಿಯುತ್ತದೆ’ ಎನ್ನುವುದು. ಹಲ್ಲು ಕಿತ್ತ ಮೇಲೂ ಇಳಿಯದಿದ್ದರೆ ಎರಡನೆಯ ಮಾತು ಹೊರಡುತ್ತದೆ: ‘ಅದು ಅವರ ಮನೆತನದಲ್ಲೇ ಇದೆ.’ ಬಳ್ಳಿಗಾವಿ, ಶಿರಾಳಕೊಪ್ಪ, ಆನವಟ್ಟಿಯ ಸುತ್ತಮುತ್ತ ಈ ಎರಡನೆಯ ಮಾತು ಹೆಣ್ಣು ಕೊಡುವ, ತರುವ ಮಾತುಕತೆಯವರೆಗೂ ಹೋಗಿ ಮುಟ್ಟುತ್ತದೆ. ಓದಿದವರ ಬಾಯಲ್ಲಿ ಅದೇ ಮಾತು ‘ಜೀನ್‌ನಲ್ಲೇ ಇರಬೇಕು’ ಎಂದಾಗುತ್ತದೆ. ವೇಷ ಬದಲಾಗಿದೆ, ಮಾತು ಅದೇ.

ಈ ನಂಬಿಕೆಗೆ ಆಧಾರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತಂದೆ ತಾಯಿಯಿಂದ ಬಂದ ಜೀನ್ ದೋಷದಿಂದಲೇ ಹುಟ್ಟುವ ದವಡೆ ಗಡ್ಡೆಗಳಿವೆ. ನನ್ನ ತಕರಾರು ಬೇರೆ. ವಂಶದ ಪಾಲು ಚಿಕ್ಕದಿರುವ ಕಡೆ ನಾವು ವಂಶವನ್ನು ದೂರುತ್ತೇವೆ. ವಂಶವೇ ಮುಖ್ಯವಾದ ಕಡೆ ಮನೆಯವರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಹಲ್ಲು ಕಿತ್ತು ಕಳಿಸುತ್ತೇವೆ. ಎರಡರಿಂದಲೂ ಪೆಟ್ಟು ತಿನ್ನುವವರು ರೋಗಿಗಳೇ.

ರೋಗದ ಕಾರಣವನ್ನು ಎಲ್ಲಿ ಹುಡುಕಬೇಕು ಎಂಬ ಪಾಠ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಂಚಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಿಗೆ ಹೋಗಿ ಬಂದವರು ಜ್ವರದಲ್ಲಿ ಮಲಗಿದರು. ಒಂದೇ ಮನೆಯ ಇಬ್ಬರು ಮೂವರಿಗೆ ಬಂದ ಮಾತ್ರಕ್ಕೆ ಅದು ಮನೆತನದ ಕಾಯಿಲೆ ಆಗಲಿಲ್ಲ. ಸೌದೆಗೆ, ಸೊಪ್ಪಿಗೆ ಅವರೆಲ್ಲ ಒಂದೇ ಕಾಡಿಗೆ ಹೋಗುತ್ತಿದ್ದರು, ಉಣುಗು ಕಚ್ಚಿ ವೈರಸ್ ಹತ್ತಿತ್ತು. ಹದಿನೆಂಟು ವರ್ಷಗಳ ಬಳಿಕ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಕಂಡಿತು. 1974–75ರ ಹೊತ್ತಿಗೆ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ಜನ ನಡೆಯಲಾರದೆ ಕೂತರು, ಕೆಲವರ ಬೆಳವಣಿಗೆಯೇ ಕುಂಠಿತವಾಗಿತ್ತು. ಆಗ ಎಲ್ಲರೂ ಬೊಟ್ಟು ಮಾಡಿದ್ದು ಗದ್ದೆಯ ಏಡಿಯ ಕಡೆಗೆ. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣ ಎಂಬ ಮಾತು ಪತ್ರಿಕೆಗಳವರೆಗೂ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ವರದಿ ಮಾಡಿದರು. ಮುಂದೆ ಮನೆಮನೆಯ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎನ್ನುವಂಥ ಮೂಳೆ ಬೆಳವಣಿಗೆಯ ದೋಷ ಅದು ಎಂದು ತೋರಿಸಿತು.

ಹಂದಿಗೋಡಿನಲ್ಲಿ ವಂಶ ಎಂಬ ತೀರ್ಮಾನಕ್ಕೆ ಬಂದ ದಾರಿಯನ್ನು ಗಮನಿಸಬೇಕು. ಯಾರೋ ಕಟ್ಟೆಯ ಮೇಲೆ ಕೂತು ಹೇಳಿದ್ದಲ್ಲ. ಯಾರ ಮಗಳು ಯಾರ ಮನೆ ಸೇರಿದಳು, ಯಾವ ಮಗುವಿಗೆ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದನ್ನು ತಲೆಮಾರುಗಳ ಉದ್ದಕ್ಕೂ ಬರೆದುಕೊಂಡ ಮೇಲೆ ಬಂದ ತೀರ್ಮಾನ. ದವಡೆಯ ಗಡ್ಡೆಯ ವಿಷಯದಲ್ಲಿ ಈ ಬರೆದುಕೊಳ್ಳುವ ಕೆಲಸವನ್ನೇ ನಾವು ಮಾಡುವುದಿಲ್ಲ. ತೀರ್ಪು ಮಾತ್ರ ಕೊಡುತ್ತೇವೆ.

ನಮ್ಮಲ್ಲಿ ಅತಿ ಹೆಚ್ಚು ಕಾಣುವುದನ್ನೇ ಮೊದಲು ನೋಡೋಣ. ಜನ ದವಡೆ ಗಡ್ಡೆ ಎಂದು ಕರೆಯುವ ಎಷ್ಟೋ ಗಡ್ಡೆಗಳು ದವಡೆಯಲ್ಲಿ ಹುಟ್ಟಿದವೇ ಅಲ್ಲ. ಕೆನ್ನೆಯ ಒಳಪದರ ಮತ್ತು ಒಸಡು ಸೇರುವ ಸಂದಿಯಲ್ಲಿ, ಅಂದರೆ ಎಲೆಯಡಿಕೆಯ ಕವಳದ ಉಂಡೆಯನ್ನು ಗಂಟೆಗಟ್ಟಲೆ ಒತ್ತಿಟ್ಟುಕೊಳ್ಳುವ ಜಾಗದಲ್ಲಿ, ಹುಟ್ಟಿದ ಕ್ಯಾನ್ಸರ್ ಒಸಡನ್ನು ತಿಂದು ಕೆಳದವಡೆಯ ಮೂಳೆಗೆ ಇಳಿಯುತ್ತದೆ. ಹಲ್ಲು ಅಲುಗಾಡಲು ತೊಡಗಿದಾಗ ರೋಗಿ ಹಲ್ಲಿನ ಡಾಕ್ಟರ ಬಳಿ ಹೋಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ತಂಬಾಕು ಬೆರೆಸಿದ ಕವಳವನ್ನು 1985ರಲ್ಲೂ, ತಂಬಾಕಿಲ್ಲದ ಅಡಿಕೆಯನ್ನೇ 2004ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ: ‘ನಮ್ಮಜ್ಜ ಕೊನೆಯ ದಿನದವರೆಗೂ ಕವಳ ಹಾಕಿದ್ದ, ಏನೂ ಆಗಲಿಲ್ಲ. ಬರುವವರಿಗೆ ಬರುತ್ತದೆ, ಅದು ರಕ್ತದಲ್ಲಿರಬೇಕು.’ ಈ ಮಾತಿನ ಮೊದಲರ್ಧ ಸುಳ್ಳಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ, ಅಡಿಕೆಯಿಂದ ಕೆನ್ನೆ ಬಿಗಿದು ಬಾಯಿ ತೆರೆಯಲಾಗದ 66 ಮಂದಿಯನ್ನು 17 ವರ್ಷ ಬಿಡದೆ ಗಮನಿಸಿದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕ್ಯಾನ್ಸರ್ ಬಂದದ್ದು ಐವರಿಗೆ. ಉಳಿದ 61 ಜನರಿಗೆ ಏಕೆ ಬರಲಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಅದರ ಉತ್ತರದಲ್ಲಿ ಹುಟ್ಟಿನಿಂದ ಬಂದ ಜೀನ್‌ಗಳ ವ್ಯತ್ಯಾಸಕ್ಕೂ ಒಂದು ಪಾಲು ಇರಬಹುದು. ಆ ಪಾಲು ಎಷ್ಟು ಎಂದು ಅಳೆದವರಿದ್ದಾರೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಕುರಿತ 12 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹತ್ತಿರದ ಸಂಬಂಧಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು 1.7 ಪಟ್ಟು. ಮನೆಯಲ್ಲಿ ರೋಗವೂ ಇದ್ದು, ತಂಬಾಕು ಮತ್ತು ಮದ್ಯದ ಅಭ್ಯಾಸವೂ ಸೇರಿದವರಲ್ಲಿ ಅದು 7.2 ಪಟ್ಟಿಗೆ ಏರುತ್ತದೆ. ಆ 1.7ರಲ್ಲೂ ಎಲ್ಲವೂ ಜೀನ್‌ನದ್ದಲ್ಲ. ಅಪ್ಪನ ಸಂಚಿಯಿಂದ ಮಗ ಕಲಿತ ಅಭ್ಯಾಸವೂ ಮನೆತನದ ಆಸ್ತಿಯೇ. ಹತ್ತನೇ ವಯಸ್ಸಿಗೆ ಅಡಿಕೆ ಹೋಳು ಕೈಗೆ ಸಿಗುವ ಮನೆಯಲ್ಲಿ ರಕ್ತವನ್ನೂ ರೂಢಿಯನ್ನೂ ಬೇರ್ಪಡಿಸಿ ನೋಡದೆ ರಕ್ತದ ಮೇಲೆ ಹೊರಿಸುವುದು ಅನ್ಯಾಯ.

ಇಂಥ ಹೊರಿಸುವಿಕೆಗೆ ವಿಜ್ಞಾನದ ಹೆಸರಿನಲ್ಲೂ ಬೆಂಬಲ ಸಿಗುತ್ತಿರುವುದು ನನಗೆ ಹೆಚ್ಚು ಕಳವಳ ತರುತ್ತದೆ. ದಂತವೈದ್ಯಕೀಯ ನಿಯತಕಾಲಿಕೆಗಳನ್ನು ತಿರುವಿದರೆ ಜೀಎಸ್‌ಟಿಎಂ1, ಟಿಪಿ53ರ 72ನೇ ಸ್ಥಾನ, ಎಂಟಿಎಚ್‌ಎಫ್‌ಆರ್ ಮುಂತಾದ ಜೀನ್‌ಗಳ ಸಾಮಾನ್ಯ ರೂಪಭೇದಗಳಿಗೂ ಬಾಯಿ ಮತ್ತು ದವಡೆಯ ಗಡ್ಡೆಗಳಿಗೂ ನಂಟು ಕಟ್ಟುವ ಬರಹಗಳು ಸಾಲುಗಟ್ಟಿ ಸಿಗುತ್ತವೆ. ಹತ್ತಾರು ರೋಗಿಗಳು, ಅಷ್ಟೇ ಮಂದಿ ಆರೋಗ್ಯವಂತರು; ಎರಡೂ ಗುಂಪಿನಲ್ಲಿ ಒಂದು ಅಕ್ಷರದ ವ್ಯತ್ಯಾಸ ಎಷ್ಟು ಸಲ ಕಂಡಿತು ಎಂಬ ಹೋಲಿಕೆ. ನಮ್ಮ ದೇಶದಲ್ಲಿ ಈ ಹೋಲಿಕೆಗೆ ಒಂದು ದೊಡ್ಡ ತೊಡಕಿದೆ. ಇಲ್ಲಿ ಮದುವೆಗಳು ಜಾತಿಯೊಳಗೆ, ಒಳಪಂಗಡದೊಳಗೆ ನೂರಾರು ವರ್ಷ ನಡೆದಿವೆ. ಆದ್ದರಿಂದ ಜೀನ್ ರೂಪಭೇದಗಳ ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಬೇರೆ. ರೋಗಿಗಳು ಮಲೆನಾಡಿನ ಕೂಲಿಕಾರರು, ಹೋಲಿಕೆಯ ಗುಂಪು ನಗರದ ಕಾಲೇಜು ವಿದ್ಯಾರ್ಥಿಗಳು ಎಂದಾದರೆ ಕಾಣುವ ವ್ಯತ್ಯಾಸ ಗಡ್ಡೆಯದ್ದೋ ಸಮುದಾಯದ್ದೋ ಹೇಳುವುದು ಹೇಗೆ? ಜೀಎಸ್‌ಟಿಎಂ1 ಜೀನ್ ಪೂರ್ತಿ ಇಲ್ಲದೆಯೇ ಆರೋಗ್ಯವಾಗಿ ಬಾಳುವವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅಂಥ ಒಂದು ರೂಪಭೇದವನ್ನು ಹಿಡಿದು ‘ನಿಮಗೆ ಅಪಾಯ ಕಡಿಮೆ’ ಎಂದು ಯಾರಿಗಾದರೂ ಹೇಳಿದರೆ ಅವರು ಕವಳದ ಡಬ್ಬಿ ಮುಚ್ಚುವುದಿಲ್ಲ, ಇನ್ನಷ್ಟು ತೆರೆಯುತ್ತಾರೆ.

ಅಡಿಕೆ ಬೆಳೆಗಾರರ ಮೇಲೆ ನನಗೆ ಸಿಟ್ಟಿಲ್ಲ. ಸೊರಬ, ಶಿಕಾರಿಪುರದ ಎಷ್ಟೋ ಮಕ್ಕಳ ಓದು ಆ ತೋಟದಿಂದಲೇ ನಡೆದಿದೆ. ಆದರೆ ‘ಅಡಿಕೆ ನಿರಪರಾಧಿ, ತಪ್ಪೇನಿದ್ದರೂ ತಿಂದವನ ಜೀನ್‌ನದು’ ಎಂಬ ವಾದವನ್ನು ತೋಟದ ರಕ್ಷಣೆಗೆಂದು ಎತ್ತಿಕೊಂಡರೆ ಬೆಲೆ ಕೊಡುವವರು ಅದೇ ತೋಟದಲ್ಲಿ ಕೊನೆ ಕೊಯ್ದು, ಸುಲಿದು, ದಣಿವಿಗೆ ಕವಳ ಹಾಕುವವರು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಆಗಿ ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ತೂಗತೊಡಗಿದವು.

ಇನ್ನು ದವಡೆಯ ಮೂಳೆಯೊಳಗೇ ಹುಟ್ಟುವ ಗಡ್ಡೆಗಳು. ಇವುಗಳಿಗೂ ಅಡಿಕೆಗೂ ಸಂಬಂಧವಿಲ್ಲ. ಕವಳ ಮುಟ್ಟದ ಹದಿನೆಂಟರ ಹುಡುಗಿಗೂ ಬರುತ್ತವೆ. ಹಲ್ಲು ಮೂಡಿಸುವ ಜೀವಕೋಶಗಳ ಚೂರುಗಳು ಹಲ್ಲು ಬಂದ ಮೇಲೂ ದವಡೆಯಲ್ಲಿ ಅಲ್ಲಲ್ಲಿ ಉಳಿದಿರುತ್ತವೆ. ಅವುಗಳಿಂದ ಬೆಳೆಯುವ ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆ ಹೆಚ್ಚಾಗಿ ಕೆಳದವಡೆಯ ಹಿಂಬದಿಯಲ್ಲಿ ನಿಧಾನವಾಗಿ, ನೋವಿಲ್ಲದೆ ಹಿಗ್ಗುತ್ತದೆ. ಮೂಳೆ ಎಷ್ಟು ತೆಳುವಾಗುತ್ತದೆಂದರೆ ಒತ್ತಿದಾಗ ಬೆರಳಿನಡಿ ಕರಕರ ಎನ್ನುತ್ತದೆ. ದವಡೆಯ ಒಂದು ತುಂಡನ್ನೇ ಕತ್ತರಿಸಿ ತೆಗೆದು, ಕಾಲಿನ ಮೂಳೆಯನ್ನು ತಂದು ಕಟ್ಟಬೇಕಾಗುವುದೂ ಉಂಟು. 2014ರಲ್ಲಿ ಬೇರೆ ಬೇರೆ ಸಂಶೋಧನಾ ತಂಡಗಳು ಈ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬಿಆರ್‌ಎಎಫ್ ಎಂಬ ಜೀನ್‌ನ ಒಂದೇ ಜಾಗ ಕೆಟ್ಟಿರುವುದನ್ನು ಕಂಡವು.

ತಿಳಿದವರೂ ಮುಗ್ಗರಿಸುವುದು ಇಲ್ಲಿಯೇ. ಬಯಾಪ್ಸಿ ವರದಿಯಲ್ಲಿ ‘ಬಿಆರ್‌ಎಎಫ್ ಮ್ಯುಟೇಶನ್ ಪಾಸಿಟಿವ್’ ಎಂದು ಬಂದರೆ ಮನೆಯವರು ತಂಗಿಯ ಮದುವೆಯ ಬಗ್ಗೆ ಯೋಚಿಸತೊಡಗುತ್ತಾರೆ. ಯೋಚಿಸಬೇಕಾಗಿಲ್ಲ. ಆ ದೋಷ ಹುಟ್ಟುವಾಗ ಇರಲಿಲ್ಲ. ದವಡೆಯ ಒಂದು ಜೀವಕೋಶದಲ್ಲಿ ಆಮೇಲೆ ಆದದ್ದು. ರೋಗಿಯ ರಕ್ತದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅವರ ಮಕ್ಕಳಿಗೂ ದಾಟುವುದಿಲ್ಲ. ತೋಟದಲ್ಲಿ ಒಂದು ಮರದ ಒಂದು ಸೋಗೆ ಕೆಂಪಾದರೆ ಬೀಜಕ್ಕಿಟ್ಟ ಗೋಟೆಲ್ಲ ಕೆಟ್ಟಿದೆ ಎಂದು ಯಾವ ಬೆಳೆಗಾರನೂ ತೀರ್ಮಾನಿಸುವುದಿಲ್ಲ. ಕೆನ್ನೆ–ಒಸಡಿನ ಕ್ಯಾನ್ಸರ್‌ನ ವಿಷಯವೂ ಹೀಗೆಯೇ. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಬಯೋಮೆಡಿಕಲ್ ಜಿನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಭಾರತೀಯ ರೋಗಿಗಳ ಜೀನ್ ನಕ್ಷೆಯಲ್ಲಿ ಟಿಪಿ53, ಫ್ಯಾಟ್1, ನಾಚ್1 ಮೊದಲಾದವು ಪದೇ ಪದೇ ಕೆಟ್ಟಿರುವುದು ಕಂಡಿತು. ಗಡ್ಡೆಯ ಚೂರನ್ನು ಅದೇ ರೋಗಿಯ ರಕ್ತದೊಂದಿಗೆ ಹೋಲಿಸಿ, ರಕ್ತದಲ್ಲಿ ಇಲ್ಲದೆ ಗಡ್ಡೆಯಲ್ಲಿ ಮಾತ್ರ ಇದ್ದ ದೋಷಗಳನ್ನು ಅವರು ಪಟ್ಟಿ ಮಾಡಿದ್ದರು. ಬದುಕಿನ ದಾರಿಯಲ್ಲಿ ಕೂಡಿಕೊಂಡ ದೋಷಗಳವು.

ಹಾಗಾದರೆ ನಿಜವಾಗಿ ವಂಶದಿಂದ ಬರುವ ದವಡೆ ಗಡ್ಡೆ ಯಾವುದು? ಅಮೆರಿಕದ ರಾಬರ್ಟ್ ಗಾರ್ಲಿನ್ ದಂತವೈದ್ಯರು, ರಾಬರ್ಟ್ ಗೋಲ್ಟ್ಸ್ ಚರ್ಮವೈದ್ಯರು. ದವಡೆಯಲ್ಲಿ ಹಲವು ಚೀಲಗಡ್ಡೆಗಳು, ಚರ್ಮದಲ್ಲಿ ಹಲವು ಕ್ಯಾನ್ಸರ್‌ಗಳು, ಕವಲೊಡೆದ ಪಕ್ಕೆಲುಬು, ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂದು 1960ರಲ್ಲಿ ಇಬ್ಬರೂ ಸೇರಿ ಬರೆದರು. 1996ರಲ್ಲಿ ಅದರ ಹಿಂದಿನ ಜೀನ್ ಸಿಕ್ಕಿತು: ಒಂಬತ್ತನೇ ವರ್ಣತಂತುವಿನ ಪಿಟಿಸಿಎಚ್1.

ಭ್ರೂಣದಲ್ಲಿ ಅಂಗಗಳು ರೂಪುಗೊಳ್ಳುವಾಗ ‘ಬೆಳೆ’ ಎಂಬ ಒಂದು ರಾಸಾಯನಿಕ ಸಂಕೇತ ಜೀವಕೋಶದಿಂದ ಜೀವಕೋಶಕ್ಕೆ ಹೋಗುತ್ತದೆ. ಹಲ್ಲಿನ ಮೊಳಕೆಯೂ ಅದನ್ನೇ ನೆಚ್ಚಿಕೊಂಡಿದೆ. ಪಿಟಿಸಿಎಚ್1 ಆ ಸಂಕೇತವನ್ನು ತಡೆದು ಹಿಡಿಯುವ ಜೀನ್. ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿಗಳಿವೆ, ತಾಯಿಯದೊಂದು, ತಂದೆಯದೊಂದು. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ತಡೆಯುತ್ತಿರುತ್ತದೆ. ಆದರೆ ದವಡೆಯಲ್ಲಿ ಉಳಿದ ಹಲ್ಲುಮೊಳಕೆಯ ಚೂರುಗಳಲ್ಲಿ ಯಾವುದಾದರೂ ಒಂದು ಜೀವಕೋಶದಲ್ಲಿ ಎರಡನೆಯ ಪ್ರತಿಯೂ ಕೆಟ್ಟರೆ ಅಲ್ಲಿ ತಡೆಯುವವರಿಲ್ಲ. ಬೇರೆಯವರಲ್ಲಿ ಒಂದೇ ಜೀವಕೋಶಕ್ಕೆ ಎರಡು ಅಪಘಾತ ಆಗಬೇಕು, ಅದು ಅಪರೂಪ. ಇವರಲ್ಲಿ ಒಂದಾದರೆ ಸಾಕು. ಅದಕ್ಕೇ ಇವರ ದವಡೆಯಲ್ಲಿ ಒಂದಲ್ಲ, ನಾಲ್ಕಾರು ಚೀಲಗಳು, ಹದಿಹರೆಯದಲ್ಲೇ, ಮೇಲಿನ ಕೆಳಗಿನ ಎರಡೂ ದವಡೆಗಳಲ್ಲಿ. ವಂಶದಿಂದ ಬಂದ ಜೀನ್ ಗಡ್ಡೆಯನ್ನೇ ತಂದು ಇಡುವುದಿಲ್ಲ. ಗಡ್ಡೆಗೆ ಬೇಕಾದ ಎರಡು ಹೆಜ್ಜೆಗಳಲ್ಲಿ ಒಂದನ್ನು ಮುಂಗಡ ನಡೆದುಬಿಟ್ಟಿರುತ್ತದೆ.

ಈ ಕಾಯಿಲೆಯನ್ನು ಗುರುತಿಸಲು ಮೊದಲ ಸಾಧನ ಅಂಗೈ. ಅಂಗೈಯಲ್ಲಿ, ಕೆಲವೊಮ್ಮೆ ಅಂಗಾಲಿನಲ್ಲಿ, ಸೂಜಿಮೊನೆಯಿಂದ ಕಿತ್ತಂತೆ ಒಂದೆರಡು ಮಿಲಿಮೀಟರಿನ ಗುಳಿಗಳಿರುತ್ತವೆ. ಒಣಗಿದ, ದಡ್ಡುಗಟ್ಟಿದ ಕೈಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಎದ್ದು ಕಾಣುತ್ತವೆ. ಆಮೇಲೆ ಇಡೀ ದವಡೆಯ ಎಕ್ಸ್‌ರೇ: ಬೆಳ್ಳಗಿನ ತೆಳು ಅಂಚಿನೊಳಗೆ ಕಪ್ಪು ಪೊಳ್ಳುಗಳು, ಅವುಗಳ ನಡುವೆ ಜಾಗ ತಪ್ಪಿ ಸಿಕ್ಕಿಬಿದ್ದ ಹಲ್ಲುಗಳು. ಎದೆಯ ಎಕ್ಸ್‌ರೇಯಲ್ಲಿ ತುದಿ ಕವಲಾದ ಪಕ್ಕೆಲುಬು. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಶಿವಮೊಗ್ಗಕ್ಕೆ ಹೋದರೂ ಆಗುತ್ತದೆ. ನೋಡಬೇಕೆಂಬ ಯೋಚನೆ ಬರಬೇಕು, ಅಷ್ಟೆ.

ಯೋಚನೆ ಬಾರದಿರಲು ಪುಸ್ತಕವೂ ಸ್ವಲ್ಪ ಕಾರಣ. ಈ ಕಾಯಿಲೆಯ ವಿವರಣೆ ಬಿಳಿ ಚರ್ಮದವರನ್ನು ನೋಡಿ ಬರೆದದ್ದು, ಅದಕ್ಕೇ ಅದರಲ್ಲಿ ಚರ್ಮದ ಕ್ಯಾನ್ಸರ್ ಮುಂದೆ ನಿಂತಿದೆ. ಕಪ್ಪು, ಕಂದು ಚರ್ಮದವರಲ್ಲಿ ಆ ಕ್ಯಾನ್ಸರ್ ಬಹಳ ಕಡಿಮೆ. ಅಂದರೆ ನಮ್ಮವರಲ್ಲಿ ಮೊದಲ ಸುಳಿವು, ಕೆಲವೊಮ್ಮೆ ಬಹುಕಾಲ ಏಕೈಕ ಸುಳಿವು, ದವಡೆಯ ಗಡ್ಡೆ. ಅದನ್ನು ಕೀವು ಎಂದು ಕೊರೆದು ಬಿಟ್ಟರೆ ಮತ್ತೆ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಈ ದೋಷವಿರುವ ಮಗುವಿಗೆ ಬೇರೆ ಯಾವುದೋ ಕಾರಣಕ್ಕೆ ವಿಕಿರಣ ಚಿಕಿತ್ಸೆ ಕೊಟ್ಟರೆ, ಕಿರಣ ಬಿದ್ದ ಚರ್ಮದ ಉದ್ದಕ್ಕೂ ಕ್ಯಾನ್ಸರ್‌ಗಳು ಏಳುತ್ತವೆ. ತಿಳಿದಿದ್ದರೆ ಸಾಧ್ಯವಾದ ಮಟ್ಟಿಗೆ ತಪ್ಪಿಸಬಹುದಾದ ಅನಾಹುತ.

‘ಮನೆಯಲ್ಲಿ ಯಾರಿಗೂ ಇಲ್ಲ, ಆದ್ದರಿಂದ ವಂಶದ್ದಲ್ಲ’ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಈ ಕಾಯಿಲೆಯವರಲ್ಲಿ ಸುಮಾರು ಕಾಲುಭಾಗದಷ್ಟು ಜನರಲ್ಲಿ ದೋಷ ಅವರಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಇರುವುದಿಲ್ಲ. ಆದರೆ ಅವರಿಂದ ಮುಂದಿನವರಿಗೆ ಹೋಗಬಹುದು. ‘ಸೋದರಮಾವನನ್ನು ಮದುವೆಯಾದದ್ದಕ್ಕೆ ಮಗುವಿಗೆ ಗಡ್ಡೆ’ ಎಂದು ತಾಯಿಯನ್ನು ದೂರುವುದೂ ತಪ್ಪು. ರಕ್ತಸಂಬಂಧದ ಮದುವೆ ಅಪಾಯ ತರುವುದು ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಮಾತ್ರ ತೋರುವ ಕಾಯಿಲೆಗಳಲ್ಲಿ. ಫ್ಯಾಂಕೋನಿ ರಕ್ತಹೀನತೆ ಅಂಥದ್ದು; ಅದಿರುವವರಿಗೆ ಕವಳ ಮುಟ್ಟದಿದ್ದರೂ ಎಳೆಯ ಪ್ರಾಯದಲ್ಲೇ ನಾಲಗೆ, ಒಸಡಿನ ಕ್ಯಾನ್ಸರ್ ಬರಬಹುದು. ಪಿಟಿಸಿಎಚ್1ಕ್ಕೆ ಒಂದು ಕಡೆಯ ದೋಷ ಸಾಕು, ಮದುವೆ ಯಾರ ಜೊತೆ ಆಯಿತು ಎಂಬುದು ಲೆಕ್ಕಕ್ಕಿಲ್ಲ.

ಇದೊಂದೇ ಅಲ್ಲ. ಸಿಡಿಸಿ73 ಜೀನ್ ಕೆಟ್ಟಿರುವವರಲ್ಲಿ ದವಡೆಯ ಗಟ್ಟಿ ಗಡ್ಡೆಯ ಜೊತೆಗೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲೂ ಗಡ್ಡೆ ಇರಬಹುದು, ಅದು ಕ್ಯಾನ್ಸರ್ ಆಗಿರುವುದೂ ಉಂಟು. ರಕ್ತದ ಕ್ಯಾಲ್ಸಿಯಂ ಪರೀಕ್ಷೆಯೊಂದು ಅದನ್ನು ಬಯಲಿಗೆ ತರುತ್ತದೆ. ಎಪಿಸಿ ಜೀನ್ ಕೆಟ್ಟಿದ್ದರೆ ದವಡೆಯಲ್ಲಿ ಮೂಳೆಯ ಉಬ್ಬುಗಳು ಏಳುತ್ತವೆ, ಅವುಗಳಿಂದ ಜೀವಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ದೊಡ್ಡಕರುಳಿನಲ್ಲಿ ನೂರಾರು ಸಂಖ್ಯೆಯಲ್ಲಿ ಬೆಳೆಯುವ ಮೊಗ್ಗುಗಡ್ಡೆಗಳಲ್ಲಿ. ನೋಡಿ ತೆಗೆಯದಿದ್ದರೆ ನಡುವಯಸ್ಸಿಗೆ ಕರುಳಿನ ಕ್ಯಾನ್ಸರ್ ಬಹುತೇಕ ಖಚಿತ. ಚೆರುಬಿಸಂ ಎಂಬುದು ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು. ಎಸ್‌ಎಚ್3ಬಿಪಿ2 ಜೀನ್‌ನ ದೋಷದಿಂದ ಎರಡು ಮೂರು ವರ್ಷದ ಮಗುವಿನ ಎರಡೂ ಕೆನ್ನೆ ಉಬ್ಬತೊಡಗುತ್ತವೆ. ಹರೆಯ ದಾಟುತ್ತಿದ್ದಂತೆ ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ. ವಂಶದಿಂದ ಬಂದದ್ದು ಎಂದ ಮಾತ್ರಕ್ಕೆ ಕತ್ತರಿಸಲೇಬೇಕು, ಕೆಟ್ಟದ್ದಕ್ಕೇ ತಿರುಗುತ್ತದೆ ಎಂದು ಭಾವಿಸುವವರು ಈ ಮಕ್ಕಳನ್ನು ನೋಡಬೇಕು.

ರೋಗಿಯನ್ನು ನೋಡುವ ಬೇರೊಂದು ಬಗೆಯೂ ನಮ್ಮಲ್ಲಿತ್ತು. ಬಳ್ಳಿಗಾವಿಯ ಕೇದಾರೇಶ್ವರ ದೇಗುಲದ ಪಕ್ಕದ ಕೋಡಿಯಮಠದ ಬಗ್ಗೆ 1162ರ ಶಾಸನವೊಂದು ಉದ್ದನೆಯ ವಿವರ ಕೊಡುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಯಲ್ಲೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ ಎಂದು ಅದನ್ನು ಹೊಗಳುತ್ತದೆ. ಆ ಕಾಲ ಇಂದಿಗಿಂತ ಮೇಲು ಎಂದು ನಾನು ವಾದಿಸುವುದಿಲ್ಲ. ರೋಗಿಯನ್ನು ಅವನಿಗೇನು ಬೇಕು ಎಂಬುದರಿಂದ ಎಣಿಸಿದ ಆ ಪಟ್ಟಿ ಮಾತ್ರ ನನಗೆ ಮುಖ್ಯ. ದವಡೆ ಊದಿದ ಹುಡುಗಿಯನ್ನು ಕಂಡಾಗ ಅವಳು ಯಾವ ಮನೆಯವಳು ಎಂದು ನಾವು ಕೇಳುತ್ತೇವೆ. ಆ ಪ್ರಶ್ನೆ ಚಿಕಿತ್ಸೆಗೆ ಬೇಕಾದದ್ದೇ, ಆದರೆ ಕೇಳಬೇಕಾದವರು ಹಲ್ಲಿನ ಡಾಕ್ಟರು, ಚೀಟಿಯಲ್ಲಿ ಬರೆದುಕೊಳ್ಳುವುದಕ್ಕಾಗಿ: ತಂದೆ ತಾಯಿ, ಒಡಹುಟ್ಟಿದವರಲ್ಲಿ ದವಡೆ ಗಡ್ಡೆ ಇತ್ತೇ, ಕರುಳಿನ ಕ್ಯಾನ್ಸರ್, ಮೂತ್ರಪಿಂಡದ ಕಲ್ಲು, ಮಿದುಳಿನ ಗಡ್ಡೆ ಇತ್ತೇ, ಕವಳ ಎಷ್ಟು ವರ್ಷದಿಂದ. ಅಂಗೈ ನೋಡಬೇಕು. ತೆಗೆದ ಗಡ್ಡೆಯನ್ನು ಎಸೆಯದೆ ಪ್ಯಾಥಾಲಜಿಗೆ ಕಳಿಸಲೇಬೇಕು. ಒಂಟಿ ಚೀಲಗಡ್ಡೆಯವರಲ್ಲಿ ಹೆಚ್ಚಿನವರಿಗೆ ಜೀನ್ ಪರೀಕ್ಷೆ ಬೇಡ. ಹಲವು ಚೀಲಗಳಿದ್ದವರಿಗೆ, ಎಳೆ ವಯಸ್ಸಿನಲ್ಲೇ ಬಂದವರಿಗೆ, ಅಂಗೈಯಲ್ಲಿ ಗುಳಿಗಳಿದ್ದವರಿಗೆ ಬೇಕು.

ಆ ಪರೀಕ್ಷೆಯಿಂದ ಮನೆತನದ ಹೆಸರು ಕೆಡುತ್ತದೆ ಎಂದು ಹೆದರುವವರಿಗೆ ಪಿಟಿಸಿಎಚ್1ರ ಲೆಕ್ಕ ಹೇಳಬೇಕು. ದೋಷವಿರುವ ತಂದೆಯ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧ, ಬಾರದಿರುವ ಸಾಧ್ಯತೆಯೂ ಅರ್ಧ. ಬಂದ ಮಗುವಿಗೆ ಎಂಟನೇ ವಯಸ್ಸಿನ ಸುಮಾರಿನಿಂದ ವರ್ಷಕ್ಕೊಮ್ಮೆ ದವಡೆಯ ಎಕ್ಸ್‌ರೇ ತೆಗೆಸಿದರೆ ಚೀಲ ಚಿಕ್ಕದಿರುವಾಗಲೇ ಸಿಗುತ್ತದೆ, ದವಡೆ ಉಳಿಯುತ್ತದೆ. ಬಾರದ ಮಗುವಿಗೆ ಆ ಎಕ್ಸ್‌ರೇಯೂ ಬೇಡ, ಅವಳ ಮಕ್ಕಳಿಗೆ ಅವಳಿಂದ ಅದು ಹೋಗುವುದೂ ಇಲ್ಲ. ಇಂದು ಇಂಥ ಮನೆಯಲ್ಲಿ ದೋಷ ಬಂದ ಮಗಳೂ ಬಾರದ ಮಗಳೂ ಒಂದೇ ಮಾತಿಗೆ ಗುರಿಯಾಗಿ ಕೂತಿದ್ದಾರೆ, ಯಾರ ರಕ್ತವನ್ನೂ ಯಾರೂ ಪರೀಕ್ಷಿಸಿಲ್ಲ.